ನಾಲ್ಕು ಬಸ್ಸಿನಾಚೆಯ ತಂಗಿ

ನಮ್ಮ ಮಾವ ಮುನಿಯಲ್ಲಪ್ಪನವರಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ನಾನು ಕಾಣೆ, ಬಸ್ಸಿನ ಮೇಲೆ ಮಾತ್ರ ಪೂರ್ತಿ ನಂಬಿಕೆ. ಲಕ್ಕೂರಿನಿಂದ ಎರಡು ಕಿಲೋಮೀಟರ್ ಒಳಗಿದೆ ನಮ್ಮೂರು. ಹೊಲದಲ್ಲಿ ಕಳೆ ಕೀಳುತ್ತ ಕೂತಿದ್ದರೂ ರಸ್ತೆ ಕಡೆಯಿಂದ ಹಾರ್ನ್ ಕೇಳಿದರೆ ಸಾಕು, ತಲೆಯನ್ನೂ ಎತ್ತದೆ, ಇದು ಎಂಟೂಕಾಲಿನ ಮಾಲೂರು ಗಾಡಿ, ಇವತ್ತು ಆರು ನಿಮಿಷ ತಡ ಎಂದುಬಿಡುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಇದೇನು ಮುದುಕರಿಗೆ ಹುಚ್ಚೋ ಎಂದುಕೊಂಡಿದ್ದೆ. ಆಮೇಲೆ ನಾನೇ ಅವರನ್ನು ಗಡಿಯಾರದ ಹಾಗೆ ಬಳಸಲು ಕಲಿತೆ.

ವಯಸ್ಸಿನಲ್ಲಿ ಅವರು ಕೊತ್ತಂಬರಿ ಸೊಪ್ಪಿನ ಮಂಕರಿಯನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗುತ್ತಿದ್ದವರು. ಆಗ ಡ್ರೈವರುಗಳು ಇವರಿಗಾಗಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರಂತೆ. ಕಾಯುತ್ತಿದ್ದರೋ ಇಲ್ಲವೋ, ಮಾವ ಹೇಳುವುದು ಹಾಗೆ. ಈಗ ಸೊಪ್ಪಿಗೆ ಟೆಂಪೋ ಬರುತ್ತದೆ, ಬಸ್ಸಿಗೆ ಟಾಪೇ ಇಲ್ಲ. ಆದರೂ ಎಲ್ಲಿಗೆ ಹೋಗಬೇಕೆಂದರೂ ಬಸ್ಸೇ ಆಗಬೇಕು. ಕಾರು ಹತ್ತಿದರೆ ಎರಡು ಮೈಲಿ ದಾಟುವುದರೊಳಗೆ ವಾಂತಿ. ಮೊಮ್ಮಗಳ ನಾಮಕರಣಕ್ಕೆ ಎಲ್ಲರೂ ಕಾರಿನಲ್ಲಿ ಹೋದರೆ ಇವರೊಬ್ಬರು ಬಸ್ಸಿನಲ್ಲಿ ಹೋಗಿ, ನಮಗಿಂತ ಮೊದಲೇ ತಲುಪಿ, ಎಲೆ ಹಾಕಿಸಿಕೊಂಡು ಕೂತಿದ್ದರು. ಆ ಕಥೆಯನ್ನು ಕನಿಷ್ಠ ನೂರು ಸಲ ಕೇಳಿದ್ದೇನೆ.

ಅವರಿಗೆ ಒಬ್ಬಳೇ ತಂಗಿ, ಆವಲಮ್ಮ. ಶ್ರೀನಿವಾಸಪುರದಿಂದಲೂ ಆಚೆ, ಆಂಧ್ರದ ಗಡಿಗೆ ತಾಗಿಕೊಂಡಿರುವ ಯರ್ರಗುಂಟಪಲ್ಲಿಗೆ ಕೊಟ್ಟಿದ್ದರು. ಮಾವಿನ ತೋಪಿರುವ ಮನೆ ಎಂದು ದೂರ ನೋಡದೆ ಕೊಟ್ಟುಬಿಟ್ಟರಂತೆ. ನಮ್ಮೂರಿನಿಂದ ಮಾಲೂರು, ಮಾಲೂರಿನಿಂದ ಕೋಲಾರ, ಕೋಲಾರದಿಂದ ಶ್ರೀನಿವಾಸಪುರ, ಅಲ್ಲಿಂದ ಅವರೂರು. ಒಂದೇ ಜಿಲ್ಲೆ, ನಾಲ್ಕು ಬಸ್ಸು. ನಲವತ್ತೈದು ವರ್ಷ ಗೌರಿ ಹಬ್ಬಕ್ಕೆ ಮಾವ ಈ ನಾಲ್ಕು ಬಸ್ಸು ಹತ್ತಿ ಇಳಿದು ತಂಗಿಗೆ ಸೀರೆ, ಬಳೆ, ಬಾಗಿನ ಕೊಟ್ಟು ಬಂದಿದ್ದಾರೆ. ಒಂದು ವರ್ಷವೂ ತಪ್ಪಿಸಿದವರಲ್ಲ. ಒಂದು ವರ್ಷ ತಡವಾಗಿತ್ತು, ಅಷ್ಟೇ.

ಆ ತಡದ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದಿನ ಮಾತು. ಶ್ರೀನಿವಾಸಪುರದವರೆಗೆ ಸರಿಯಾಗಿಯೇ ಹೋದರು. ಅವರೂರಿನ ಬಸ್ಸು ಕೆಟ್ಟು ನಿಂತಿತ್ತು. ಸಂಜೆಯವರೆಗೆ ಕಾದು, ಬಸ್‌ಸ್ಟ್ಯಾಂಡಿನಲ್ಲೇ ಮಲಗಿ, ಬೆಳಿಗ್ಗೆ ನಡೆದೇ ಹೊರಟು ಊರು ಸೇರುವ ಹೊತ್ತಿಗೆ ಗೌರಿ ಹೋಗಿ ಗಣೇಶ ಬಂದು ಕೂತಿದ್ದ. ಆವಲಮ್ಮ ಅಣ್ಣನ ಕೈಯಿಂದ ಸೀರೆ ತೆಗೆದುಕೊಂಡವರು, ನಿನ್ನ ಬಸ್ಸು ಬಂದ ದಿನವೇ ನನಗೆ ಹಬ್ಬ ಬಿಡಣ್ಣ ಎಂದರಂತೆ. ಹಸಿರು ಸೀರೆ, ಮಾವಿನಕಾಯಿ ಅಂಚು. ಅದನ್ನು ಅವರು ಒಂದು ದಿನವೂ ಉಡಲಿಲ್ಲ. ಪ್ರತಿ ವರ್ಷ ಮಾವ ಅಲ್ಲಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅದೇ ದೂರು. ಈ ಸಲವೂ ಉಟ್ಟಿರಲಿಲ್ಲ, ಕೇಳಿದರೆ ನಗುತ್ತಾಳೆ, ಒಂದು ದಿನ ತಡವಾಗಿದ್ದಕ್ಕೆ ಇಷ್ಟು ವರ್ಷ ಕೋಪ ಇಟ್ಟುಕೊಳ್ಳುವುದೇ? ಬಸ್ಸು ಕೆಟ್ಟರೆ ನಾನೇನು ಮಾಡಲಿ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನು! ನನಗೂ ಸಾಕಾಗಿ, ಬಣ್ಣ ಹಿಡಿಸಿರಲಿಕ್ಕಿಲ್ಲ ಬಿಡಿ ಮಾವ ಎಂದುಬಿಡುತ್ತಿದ್ದೆ. ಆಗ ಅವರ ಮುಖ ಇನ್ನೂ ಚಿಕ್ಕದಾಗುತ್ತಿತ್ತು.

ಈ ವರ್ಷ ಮೇ ತಿಂಗಳು, ಒಂದು ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು. ಆವಲಮ್ಮನ ಮಗ ಅಮರನಾಥ್.

"ಅಕ್ಕ, ಅಮ್ಮ ಹೋಗ್ಬಿಟ್ರು. ಮಾಮನಿಗೆ ನಿಧಾನವಾಗಿ ಹೇಳಿ. ಸೀರೆ ತಗೊಂಡು ಬೇಗ ಬರಬೇಕು. ನಾಳೆ ಶನಿವಾರ, ಇಡಂಗಿಲ್ಲ ಅಂತಾರೆ ಇಲ್ಲಿ ದೊಡ್ಡೋರು."

ಶನಿವಾರದ ಹೆಣ ಜೊತೆ ಬೇಡುತ್ತದೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಹಾಗಾಗಿ ಹೊತ್ತು ಮುಳುಗುವುದರೊಳಗೆ ಎತ್ತಲೇಬೇಕು. ಇನ್ನು ಸೀರೆ ಎಂದರೆ ತವರಿನ ಸೀರೆ. ಮುತ್ತೈದೆ ಸತ್ತರೆ ತವರಿನವರು ಹೊಸ ಸೀರೆ, ಅರಿಶಿನ ಕುಂಕುಮ, ಬಳೆ ತಂದು ಹೊದಿಸಬೇಕು. ಅದಿಲ್ಲದೆ ಹೆಣ ಎತ್ತಿದರೆ ಹಿಂದೆ ಮುಂದೆ ಯಾರೂ ಇಲ್ಲದವಳು ಎಂದ ಹಾಗೆ. ತವರಿನಲ್ಲಿ ಉಳಿದಿರುವವರು ನಮ್ಮ ಮಾವ ಒಬ್ಬರೇ.

ನಮ್ಮ ಮನೆಯವರು ಬೈಕ್ ತೆಗೆದುಕೊಂಡು ಐದು ಗಂಟೆಗೇ ಕಾರ್ಖಾನೆಗೆ ಹೋಗಿದ್ದರು. ಒಳಗೆ ಹೋದರೆ ಫೋನು ಲಾಕರಿಗೆ, ಎರಡು ಗಂಟೆಯ ತನಕ ಸಿಕ್ಕುವುದಿಲ್ಲ. ಊರಿನಲ್ಲಿ ಬಾಡಿಗೆಗೆ ಇರುವುದು ಆಂಜಿಯ ಓಮ್ನಿ ಒಂದೇ, ಅದು ಮದುವೆಗೆ ಹೋಗಿತ್ತು. ಅವತ್ತು ದೊಡ್ಡ ಮುಹೂರ್ತ. ಮಾವ ಸುದ್ದಿ ಕೇಳಿ ಅಳಲಿಲ್ಲ. ಬಿಳಿ ಪಂಚೆ ಉಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು, ಎಂಟೂಕಾಲು, ಒಂಬತ್ತೂಮುಕ್ಕಾಲು, ಹನ್ನೊಂದೂವರೆ, ಒಂದೂವರೆ ಎಂದು ಬೆರಳು ಮಡಿಸುತ್ತ ಕೂತರು. ನಾಲ್ಕು ಬಸ್ಸಿನ ಹೊತ್ತು. ಎರಡೂವರೆಗೆ ತಂಗಿ ಹತ್ತಿರ ಇರುತ್ತೀನಿ ಎಂದರು. ಒಬ್ಬರನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಹೊರಟೆ.

ಎಂಟೂಕಾಲಿನ ಬಸ್ಸು ಸರಿಯಾಗಿಯೇ ಬಂತು. ಮಾಲೂರಿನಲ್ಲಿ ಇಳಿದಾಗ ಇನ್ನೂ ಒಂಬತ್ತಾಗಿರಲಿಲ್ಲ. ಬಟ್ಟೆ ಅಂಗಡಿ ಒಂಬತ್ತೂಕಾಲಿಗೆ ಬಾಗಿಲು ತೆಗೆಯಿತು. ಅಂಗಡಿಯವರು ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ಕೈ ಮುಗಿದು ಗಲ್ಲಾ ಮುಂದೆ ಕೂತರು. ನಾನು ಮೆಟ್ಟಿಲು ಹತ್ತಲು ಹೋದರೆ ಮಾವ ನನ್ನ ಕೈಚೀಲ ಹಿಡಿದು ನಿಲ್ಲಿಸಿದರು.

"ಅವರ ದಿನದ ಮೊದಲ ವ್ಯಾಪಾರ ಕಣಮ್ಮ ಸುನಂದ. ಹೆಣಕ್ಕೆ ಹೊದಿಸೋ ಸೀರೇಲಿ ಬೋಣಿ ಮಾಡ್ಸಕ್ಕಾಗುತ್ತಾ? ಬೇರೆ ಯಾರಾದ್ರೂ ತಗೊಳ್ಳಲಿ, ಆಮೇಲೆ ಹೋಗಣ."

ನನಗೆ ಮೈಯೆಲ್ಲ ಉರಿಯಿತು. ನಾವು ಯಾವುದಕ್ಕೆ ಕೊಳ್ಳುತ್ತೇವೆಂದು ಅಂಗಡಿಯವರಿಗೆ ಏನು ಗೊತ್ತಾಗುತ್ತದೆ? ಹಾಗೆ ಕೇಳಿಯೂಬಿಟ್ಟೆ. ನನಗೆ ಗೊತ್ತಲ್ಲ ಎಂದರು ಮಾವ. ಎದುರು ಬದಿಯ ಕಟ್ಟೆಯ ಮೇಲೆ ಕೂತೆವು. ಒಂಬತ್ತೂವರೆಗೆ ತಾಯಿ ಮಗಳು ಇಬ್ಬರು ಒಳಗೆ ಹೋದರು. ಅವರು ರವಿಕೆ ಬಟ್ಟೆಗೆ ಬಣ್ಣ ಹೊಂದಿಸುವುದನ್ನು ಗಾಜಿನ ಆಚೆಯಿಂದ ನೋಡುತ್ತ ಕೂತ ಹಿಂಸೆಯನ್ನು ಹೇಗೆ ಹೇಳಲಿ? ಹತ್ತು ಪೀಸು ಬಿಚ್ಚಿಸಿದರು, ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡಿದರು, ಮತ್ತೆ ಒಳಗೆ ಹೋದರು. ಒಂಬತ್ತೂಮುಕ್ಕಾಲಿನ ಕೋಲಾರದ ಬಸ್ಸು ನಮ್ಮ ಕಣ್ಣ ಮುಂದೆಯೇ ಹೊರಟುಹೋಯಿತು. ಮಾವ ಅದನ್ನು ನೋಡಿ, ಹೋಗಲಿ, ಆತುರಗಾರನಿಗೆ ಬುದ್ಧಿ ಮಟ್ಟ, ಹತ್ತೂವರೆಗೆ ಇನ್ನೊಂದಿದೆ ಎಂದರು. ಆ ಇಬ್ಬರೂ ಹೊರಗೆ ಬಂದ ಮೇಲೆ ಮಾವ ಒಳಗೆ ಹೋಗಿ, ಚೌಕಾಸಿ ಮಾಡದೆ, ಮೊದಲು ಕೈಗೆ ಬಂದ ಕೆಂಪು ಸೀರೆ ಕಟ್ಟಿಸಿಕೊಂಡರು. ಇಂಥದ್ದಕ್ಕೆ ಆರಿಸಬಾರದು, ಬೆಲೆ ಕೇಳಬಾರದು. ಅರಿಶಿನ ಕುಂಕುಮ, ಬಳೆಯನ್ನೂ ಹಾಗೇ ಕೊಂಡೆವು.

ಮಾಲೂರಿನಲ್ಲೇ ಟ್ಯಾಕ್ಸಿ ಕೇಳೋಣ ಎಂದೆ. ವಾಂತಿ ಮಾಡಿಕೊಂಡು ಹೋಗಿ ತಂಗಿ ಎದುರು ನಿಲ್ಲಲಾ ಎಂದು ಅವರು ಕೇಳಿದಾಗ ಬಾಯಿ ಮುಚ್ಚಿಕೊಂಡೆ. ಅವತ್ತು ನಾನು ಹಟ ಹಿಡಿಯಬೇಕಿತ್ತು. ಈಗ ಅಂದುಕೊಂಡು ಏನು ಪ್ರಯೋಜನ?

ಹತ್ತೂವರೆ ಬಸ್ಸು ಹತ್ತು ಐವತ್ತಕ್ಕೆ ಬಂತು. ನಾನು ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದೆ, ಮಾವ ಚಿಲ್ಲರೆ ಕೊಟ್ಟು ತಮ್ಮದು ಪಡೆದರು. ಬೇರೆ ದಿನವಾಗಿದ್ದರೆ, ನಿನ್ನದು ಬಿಟ್ಟಿ ಟಿಕೆಟ್ಟು, ನೀನು ನಿಂತುಕೋ, ನಾನು ಕೂತುಕೊಳ್ಳುತ್ತೀನಿ ಎಂದು ಗೇಲಿ ಮಾಡುತ್ತಿದ್ದರು. ಅವತ್ತು ಸೀರೆಯ ಕವರನ್ನು ಎದೆಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ರೇಷ್ಮೆ ಸೀರೆ, ಮಲ್ಲಿಗೆ, ಉಡುಗೊರೆ ಪೊಟ್ಟಣ. ಶ್ರೀನಿವಾಸಪುರದ ಬಸ್ಸು ಬಂದರೆ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು. ಬಾಗಿಲಲ್ಲಿ ನಾನು ಒಂದು ಕಾಲಿಟ್ಟೆ, ಮಾವನನ್ನು ಯಾರೋ ತಳ್ಳಿದರು, ನಾನೂ ಇಳಿದೆ. ಮುಂದಿನ ಬಸ್ಸು ಮದುವೆ ಬಾಡಿಗೆಗೆ ಹೋಗಿದೆಯಂತೆ, ಒಂದು ಗಂಟೆ ಕಾಯಬೇಕು ಎಂದರು ಅಲ್ಲಿದ್ದವರು. ಆಗ ಮಾವನ ತಲೆಯೊಳಗಿನ ವೇಳಾಪಟ್ಟಿ ತೆರೆದುಕೊಂಡಿತು. ಮುಳಬಾಗಿಲಿಗೆ ಹೆದ್ದಾರಿಯಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು. ಮುಳಬಾಗಿಲಿನಿಂದ ಒಂದೂವರೆಗೆ ಒಂದು ಪ್ರೈವೇಟ್ ಗಾಡಿ ನೇರವಾಗಿ ಯರ್ರಗುಂಟಪಲ್ಲಿಗೇ ಹೋಗುತ್ತದೆ. ಅದರಲ್ಲಿ ನಾನು ಹೋಗಿದ್ದೀನಿ, ಡ್ರೈವರ್ ಪರಿಚಯ ಎಂದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಸ್ಸಿನ ವಿಷಯದಲ್ಲಿ ಅವರ ಎದುರು ಮಾತಾಡಲು ನಾನು ಯಾರು?

ಮುಳಬಾಗಿಲಿನಲ್ಲಿ ಒಂದೂಕಾಲಿಗೆ ಇಳಿದೆವು. ಮಾವ ಆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ, ಒಂದು ಟೀ ಅಂಗಡಿ ಮುಂದೆ, ಹೋಗಿ ನಿಂತರು. ಒಂದೂವರೆಯಾಯಿತು, ಒಂದೂ ನಲವತ್ತಾಯಿತು. ನಾನೇ ಟೀ ಅಂಗಡಿಯವನನ್ನು ಕೇಳಿದೆ. ಅವನು ಲೋಟ ತೊಳೆಯುತ್ತಲೇ ಹೇಳಿದ.

"ಆ ಗಾಡಿ ನಿಂತು ಎರಡು ವರ್ಷ ಆಯ್ತಲ್ಲಮ್ಮ. ಹೆಂಗಸ್ರೆಲ್ಲ ಸರ್ಕಾರಿ ಬಸ್ಸಿಗೆ ಹೋದ್ಮೇಲೆ ಇದಕ್ಕೆ ಯಾರು ಹತ್ತುತಾರೆ? ಮಾರ್ಬಿಟ್ರು."

ಮಾವ ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತ, ನನಗೆ ಯಾರೂ ಹೇಳಲಿಲ್ಲವಲ್ಲ ಎಂದರು. ಆ ಬಸ್ಸಿನವರು ಇವರಿಗೆ ಕಾಗದ ಬರೆದು ತಿಳಿಸಬೇಕಿತ್ತು ಎಂಬಂತೆ! ನನಗೆ ಬೈಯಲು ಬಾಯಿ ಬರಲಿಲ್ಲ. ನಲವತ್ತೈದು ವರ್ಷ ಬೆರಳ ತುದಿಯಲ್ಲಿಟ್ಟುಕೊಂಡಿದ್ದ ಲೆಕ್ಕ ಅವರನ್ನು ಬಿಟ್ಟು ಹೋಗಿತ್ತು. ಅಷ್ಟರಲ್ಲಿ ಅಮರನಾಥ್ ಫೋನ್ ಮಾಡಿ ಎಲ್ಲಿದ್ದೀರೆಂದು ಕೇಳಿದ. ಬಂದೆವು ಎಂದು ಸುಳ್ಳು ಹೇಳಿದೆ. ಬೈಕ್ ಕಳಿಸು ಎಂದು ಕೇಳಲು ಬಾಯಿ ತೆರೆದರೆ, ಸಾವಿನ ಮನೆಯವರನ್ನು ಗಾಡಿ ಕೇಳಬಾರದು ಎಂದು ಮಾವ ಸನ್ನೆ ಮಾಡಿದರು.

ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಶ್ರೀನಿವಾಸಪುರದ ಬಸ್ಸು ಹಿಡಿದೆವು, ಎರಡು ಇಪ್ಪತ್ತಕ್ಕೆ. ಪುಣ್ಯಕ್ಕೆ ಸೀಟು ಸಿಕ್ಕಿತು. ಸಿಕ್ಕಿದ್ದಾದರೂ ಎಲ್ಲಿ? ಮುಂದಿನ ಸೀಟಿನಲ್ಲಿ ಮದುಮಗಳು. ಬೆಳಿಗ್ಗೆ ತಾಳಿ ಕಟ್ಟಿಸಿಕೊಂಡ ಹುಡುಗಿ, ಹಣೆಯ ಬಾಸಿಂಗದ ಗುರುತು ಇನ್ನೂ ಹೋಗಿಲ್ಲ. ಬಸ್ಸಿನ ಅರ್ಧ ಅವಳ ಕಡೆಯವರೇ. ಅವರಲ್ಲಿ ಇಬ್ಬರು ಹೂವು ತರಲು ಹೋಗಿದ್ದಾರೆ, ಬರುವವರೆಗೆ ನಿಲ್ಲಿಸಿ ಎಂದು ಒಬ್ಬ ಹೆಂಗಸು, ಚಿಕ್ಕಗಂಗಮ್ಮ ಎಂದು ಎಲ್ಲರೂ ಕರೆಯುತ್ತಿದ್ದರು, ಡ್ರೈವರಿಗೆ ಪೂಸಿ ಹೊಡೆಯುತ್ತಿದ್ದಳು. ಮದುವೆ ಜನ ಎಂದು ಡ್ರೈವರೂ ನಕ್ಕು ಇಂಜಿನ್ ಆರಿಸಿದ. ಐದು ನಿಮಿಷವಾಯಿತು, ಹತ್ತಾಯಿತು. ನಾನು ಎದ್ದೆ. ಸಾವಿಗೆ ಹೋಗುತ್ತಿದ್ದೇವೆ, ತವರಿನ ಸೀರೆಗೆ ಹೆಣ ಕಾಯುತ್ತಿದೆ ಎಂದು ಒಂದು ಮಾತು ಹೇಳಿದ್ದರೆ ಬಸ್ಸು ಅಲ್ಲೇ ಹೊರಡುತ್ತಿತ್ತು. ನಮ್ಮ ಜನ ಅಷ್ಟು ಕೆಟ್ಟವರಲ್ಲ. ಮಾವ ನನ್ನ ಮಣಿಕಟ್ಟು ಹಿಡಿದರು.

"ಬೇಡ ಕಣಮ್ಮ. ಮದುಮಗಳಿದಾಳೆ. ಅವಳ ಕಿವಿಗೆ ಬೀಳಬಾರ್ದು."

ಆ ಚಿಕ್ಕಗಂಗಮ್ಮ ಮಾವನ ಮಡಿಲಿನ ಕವರು ನೋಡಿ, ನೀವೂ ಮದುವೆಗೇನಾ, ಸೀರೆ ಯಾರಿಗೆ ಎಂದು ಕೇಳಿದಳು. ತಂಗಿಗೆ ಎಂದರು ಮಾವ. ಎಂಥ ಅಣ್ಣ, ತಂಗಿ ಪುಣ್ಯ ಮಾಡಿದ್ದಾಳೆ ಎಂದು ಅವಳು ಎಲ್ಲರಿಗೂ ಕೇಳಿಸುವಂತೆ ಹೊಗಳಿ, ಬಣ್ಣ ನೋಡೋಣ ಕೊಡಿ ಎಂದು ಕೈ ಚಾಚಿದಳು. ಮಾವ ಕವರನ್ನು ಪಂಚೆಯೊಳಗೆ ಎಳೆದುಕೊಂಡರು. ಜಿಪುಣ ಮುದುಕ ಎಂದುಕೊಂಡಿರಬೇಕು, ಮುಖ ತಿರುಗಿಸಿದಳು. ಮದುಮಗಳು ಮಾತ್ರ ಹಿಂದಕ್ಕೆ ತಿರುಗಿ ಮಾವನನ್ನು ನೋಡಿ ಸಣ್ಣಗೆ ನಕ್ಕಳು. ಮಾವನೂ ನಕ್ಕರು. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪ ಮಾಡಿದೆ, ಅಳು ತಡೆಯಲಾಗಲಿಲ್ಲ.

ಹೂವು ಬಂದಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. ಶ್ರೀನಿವಾಸಪುರ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಬಸ್ಸು ನಿಂತಿತು. ಮಾವಿನ ಕಾಲ, ಮಂಡಿಗಳ ಮುಂದೆ ಟ್ರ್ಯಾಕ್ಟರು, ಲಾರಿಗಳ ಸಾಲು, ಗಾಳಿಯೆಲ್ಲ ಕಾಯಿಯ ಸೊನೆ ವಾಸನೆ. ಇಳಿದು ನಡೆದೆವು. ಎಪ್ಪತ್ತೆರಡು ವರ್ಷದ ಮನುಷ್ಯ ಲಾರಿಗಳ ನಡುವೆ ನುಗ್ಗಿ ನನಗಿಂತ ಮುಂದೆ ಹೋಗುತ್ತಿದ್ದರು. ಬಸ್‌ಸ್ಟ್ಯಾಂಡ್ ಮುಟ್ಟುವಾಗ ನಾಲ್ಕು ಇಪ್ಪತ್ತು. ಅವರೂರಿನ ಬಸ್ಸು ಐದಕ್ಕೆ. ಅಮರನಾಥನಿಂದ ಮತ್ತೆ ಫೋನು. ಈ ಸಲ ಅವನ ದನಿ ಸೋತಿತ್ತು, ದೊಡ್ಡವರು ಇನ್ನು ಕಾಯುವುದಿಲ್ಲ ಎನ್ನುತ್ತಿದ್ದಾರೆ, ಬಿಸಿಲಿಗೆ ಇಡಲಾಗುತ್ತಿಲ್ಲ ಅಕ್ಕ ಎಂದ. ಮಾವ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಅಮರ, ಅರ್ಧ ಗಂಟೆ ತಡಿಯಪ್ಪ. ನಾನು ಶೀನಿವಾಸ್‌ಪುರಕ್ಕೆ ಬಂದಿದ್ದೀನಿ. ಒಂದರ್ಧ ಗಂಟೆ."

ಆ ಕಡೆಯಿಂದ ಏನು ಹೇಳಿದನೋ, ಮಾವ ಹೂಂ, ಹೂಂ ಎಂದು ಫೋನು ಕೊಟ್ಟರು. ಆಮೇಲೆ ನಾನು ಯಾರ ಮಾತೂ ಕೇಳಲಿಲ್ಲ, ಆಟೋ ಕರೆದೆ. ಮಾವ ಹತ್ತಿ ಕೂತರು. ಆ ಆಟೋ ಊರು ದಾಟಲು ಮಾವಿನ ಗಾಡಿಗಳ ಹಿಂದೆ ಮುಕ್ಕಾಲು ಗಂಟೆ ತೆವಳಿತು.

ಯರ್ರಗುಂಟಪಲ್ಲಿಯ ಕೆರೆ ಏರಿ ಹತ್ತುವಾಗ ಎದುರಿಗೆ ಜನ ಬರುತ್ತಿದ್ದರು. ಗಂಡಸರು, ಪಂಚೆ ಮೊಳಕಾಲಿಗೆ ಕಟ್ಟಿಕೊಂಡು, ತಲೆ ಒದ್ದೆ. ಒಬ್ಬನ ಹೆಗಲ ಮೇಲೆ ಗುದ್ದಲಿ, ಇನ್ನೊಬ್ಬನ ಕೈಯಲ್ಲಿ ಖಾಲಿ ಮಂಕರಿ. ಮಣ್ಣು ಮಾಡಿ ಸ್ನಾನ ಮುಗಿಸಿ ಬರುತ್ತಿದ್ದರು. ಆಟೋದವನೇ ತಾನಾಗಿ ನಿಲ್ಲಿಸಿದ. ಮಾವ ಇಳಿದು ಆ ಗುದ್ದಲಿಯನ್ನೇ ನೋಡುತ್ತ ನಿಂತರು.

ಮನೆಯೊಳಗೆ ಆವಲಮ್ಮನನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಹೊಸಿಲ ಬಳಿ ಕೂತಿದ್ದ ಮುದುಕಿಯೊಬ್ಬಳು ತೆಲುಗಿನಲ್ಲಿ, ಪುಟ್ಟಿನಿಂಟೋಳ್ಳು ವಚ್ಚಿನಾರು, ತವರಿನವರು ಬಂದರು ಎಂದು ಒಳಕ್ಕೆ ಕೂಗಿ ಹೇಳಿದಳು. ಆ ಮಾತಿಗೆ ನನ್ನ ಜೀವ ಹಿಡಿಯಷ್ಟಾಯಿತು. ಮಾವ ಬಾಗಿಲಲ್ಲೇ ನಿಂತು, ಸೀರೆಯ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಂಗಿಯ ಗಂಡ ಕೋದಂಡರಾಮಪ್ಪನವರಿಗೆ ತಲೆ ತಗ್ಗಿಸಿ, ತಪ್ಪಾಯಿತು ಭಾವ, ನನ್ನ ತಂಗೀನ ದಿಕ್ಕಿಲ್ಲದೋಳ ಥರ ಕಳಿಸೋ ಹಾಗೆ ಮಾಡಿದೆ ಎಂದರು. ಗೋಡೆಗೊರಗಿ ಕೂತಿದ್ದ ಅವರು ಒಳಗಿದ್ದ ಸೊಸೆಯನ್ನು ಕರೆದರು. ಅಮರನಾಥನ ಹೆಂಡತಿ ಶಾಮಲಮ್ಮ ಒಳಗಿಂದ ಬಂದಳು.

"ತವರಿನ ಸೀರೆ ಇಲ್ದೆ ಎತ್ತಲಿಲ್ಲ ಮಾಮ. ನಿಮ್ಮ ಸೀರೇನೇ ಹೊದಿಸಿ ಕಳಿಸಿದ್ದೀವಿ."

ಮಾವನಿಗೆ ಅರ್ಥವಾಗಲಿಲ್ಲ. ಕೈಯಲ್ಲಿದ್ದ ಕವರನ್ನು ನೋಡಿಕೊಂಡರು.

"ಆ ಹಸಿರು ಸೀರೆ, ಮಾವಿನಕಾಯಿ ಅಂಚಿಂದು. ನೀವು ನಡ್ಕೊಂಡು ಬಂದಿದ್ರಲ್ಲ, ಅವತ್ತು ನಿಮ್ಮ ಕಾಲೆಲ್ಲ ಬೊಬ್ಬೆ ಎದ್ದಿತ್ತು. ನೀವು ಆ ಕಡೆ ಹೋದ್ಮೇಲೆ ಅತ್ತೆ ಅದನ್ನ ನನ್ನ ಕೈಗೆ ಕೊಟ್ಟು, ಪೆಟ್ಟಿಗೆ ತಳಕ್ಕೆ ಹಾಕು, ಉಡಲ್ಲ ಅಂದ್ರು. ನಮ್ಮಣ್ಣ ಬರ್ತಾನೆ ಕಣೇ, ಬಸ್ಸು ಬರಲ್ಲ. ನಾನು ಹೋದ ದಿನ ಅವನಿಗೆ ತಡ ಆದ್ರೆ ಇದನ್ನ ಹೊದಿಸಿ. ತವರಿನೋರು ಬರಲಿಲ್ಲ ಅಂತ ಯಾರೂ ಅವನನ್ನ ಅನ್ನಬಾರ್ದು ಅಂದ್ರು."

ಬೆಳಿಗ್ಗೆಯಿಂದ ಅಳದ ಮನುಷ್ಯ ಹೊಸಿಲ ಮೇಲೆ ಕುಸಿದು ಕೂತು ಅತ್ತರು. ಏಳು ವರ್ಷ ಅವಳನ್ನು ಬೈದೆನಲ್ಲ, ಏಳು ವರ್ಷ ಊರೆಲ್ಲ ದೂರಿದೆನಲ್ಲ ಎಂದು ಹಣೆ ಚಚ್ಚಿಕೊಂಡರು. ಬಣ್ಣ ಹಿಡಿಸಿಲ್ಲ ಎಂದಿದ್ದವಳು ನಾನು. ನಾನೂ ಅವರ ಪಕ್ಕದಲ್ಲೇ ಕೂತೆ.

ಹೆಣಕ್ಕೆಂದು ತಂದ ಸೀರೆಯನ್ನು ತಿರುಗಿ ಮನೆಗೆ ಒಯ್ಯುವಂತಿಲ್ಲ, ಬದುಕಿರುವವರಿಗೆ ಕೊಡುವಂತೆಯೂ ಇಲ್ಲ. ಅಮರನಾಥ್ ನಮ್ಮನ್ನು ತೋಪಿನ ಮೂಲೆಗೆ ಕರೆದುಕೊಂಡು ಹೋದ. ಹೊಸ ಮಣ್ಣಿನ ಮೇಲೆ ಮಾವ ಕೆಂಪು ಸೀರೆಯನ್ನು ಬಿಚ್ಚಿ ಹಾಸಿದರು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ಅರಿಶಿನ ಕುಂಕುಮ ಹಾಕಿ, ಬಳೆಗಳನ್ನು ನಡುವೆ ಇಟ್ಟು, ತಲೆಯ ಕಡೆಗೆ ಕೂತರು.

"ಇವತ್ತೂ ತಡ ಆಯ್ತು ಕಣಮ್ಮ," ಎಂದರು.

ಊರ ಮುಂದೆ ಬಸ್ಸು ಬಂದು ತಿರುಗಿಸಿಕೊಂಡು ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಆರೂವರೆಯ ಕೊನೇ ಬಸ್ಸು, ಒಂದು ನಿಮಿಷವೂ ತಡವಿಲ್ಲ, ಮರಗಳ ಸಂದಿನಿಂದ ನೋಡಿದರೆ ಒಳಗೆ ಸೀಟುಗಳೆಲ್ಲ ಖಾಲಿ. ಮಾವ, ಬಸ್ಸು ಎಂದೆ. ಅವರು ತಲೆ ಎತ್ತಲಿಲ್ಲ, ಯಾವ ಗಾಡಿ ಎಂದೂ ಹೇಳಲಿಲ್ಲ.